ಒಂದು ಒಡಪು, ಒಂದು ಕ್ರಿಂಜ್

ನನಗೆ ಹೊಟ್ಟೆಕಿಚ್ಚಿದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಯಾರೋ ದೊಡ್ಡವರ ಮೇಲಿನ ಕಿಚ್ಚಲ್ಲ. ಚಿಂಚೋಳಿ ಪಕ್ಕದ ಚಂದಾಪುರದಲ್ಲಿರುವ ನನ್ನ ಮೈದುನನ ಹೆಂಡತಿ ಶಾಂತಾಳ ಮೇಲೆ. ಅವಳು ಫೋನಿನ ಮುಂದೆ ನಿಂತು ಒಡಪು ಹೇಳುತ್ತಾಳೆ, ಜನ ನೋಡುತ್ತಾರೆ. ಎಷ್ಟು ಜನ ಎಂಬುದನ್ನು ನಾನು ದಿನಾ ನೋಡುತ್ತೇನೆ.

ಒಡಪು ಗೊತ್ತಲ್ಲ? ಗಂಡನ ಹೆಸರನ್ನು ಬರಿದೇ ಹೇಳಬಾರದೆಂದು ನಮ್ಮ ಕಡೆಯ ಹೆಂಗಸರು ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಹೆಸರು ಕೂರಿಸಿ ಹೇಳುವುದು. ಮದುವೆ, ಬಸುರಿಗೆ ಮಾಡುವ ಕುಬಸ, ತೊಟ್ಟಿಲು, ಯಾವ ಕಾರ್ಯವೇ ಇರಲಿ, ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿ ಒಳಗೆ ಬಾ ಎನ್ನುತ್ತಾರೆ. ಶಹಾಬಾದದಿಂದ ಸೇಡಂವರೆಗಿನ ನಮ್ಮ ಬಳಗದಲ್ಲಿ ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಶಾಂತಾ ಹೊಸ ಸೊಸೆಯಾಗಿ ಹೊಸ್ತಿಲಲ್ಲಿ ನಿಂತು ಬೆವರುತ್ತಿದ್ದಾಗ ಅವಳ ಕಿವಿಯಲ್ಲಿ ಒಡಪು ಊದಿದವಳು ನಾನು. ಈಗ ಸಾವಿರಗಟ್ಟಲೆ ಜನ ಮೆಚ್ಚಿದ ಅವಳ ವಿಡಿಯೊದಲ್ಲಿರುವುದು ಅದೇ ಎರಡು ಸಾಲು. ನನ್ನ ಸಾಲು, ಅವಳ ಸೀರೆ, ಅವಳ ನಗು. ಹೊಟ್ಟೆ ಉರಿಯದೆ ಏನು ಮಾಡೀತು?

ಕಾಲೇಜಿಗೆ ಹೋಗುವ ನನ್ನ ಮಗಳು ಆ ವಿಡಿಯೊ ತೋರಿಸುತ್ತ, "ಕಾಕುನ ನೋಡಿದ್ರ ನಂಗ ಕ್ರಿಂಜ್ ಆಗ್ತದವ್ವ" ಎಂದಳು. ಕಾಕು ಅಂದರೆ ಚಿಕ್ಕಮ್ಮ. ಕ್ರಿಂಜ್ ಅಂದರೇನೆಂದು ನಾನು ಕೇಳಬೇಕಾಯಿತು. ಬೇರೆಯವರ ಪೇಚು ನೋಡಿ ನಮ್ಮ ಮೈ ಮುದುಡುವುದಂತೆ. ಎಂಥ ಒಳ್ಳೆಯ ಪದ ಎನಿಸಿತು. ಶಾಲೆಯ ಗ್ಯಾದರಿಂಗಿನಲ್ಲಿ ಯಾರದೋ ಮಗು ಪದ್ಯ ಮರೆತು ನಿಂತರೆ ಕೆಳಗೆ ಕೂತ ನಾವು ಸೆರಗು ಹಿಂಡುತ್ತೇವಲ್ಲ, ಅದೇ. ಅದರಲ್ಲಿ ಅರ್ಧ ಮರುಕವೇ ಇದೆ.

ಎಂಟು ದಿನ ಕಳೆಯುವುದರೊಳಗೆ ಮಗಳ ಬಾಯಲ್ಲಿ ಅದು "ಕಾಕು ಭಾಳ ಕ್ರಿಂಜ್ ಇದ್ದಾಳ" ಎಂದಾಗಿತ್ತು. ಮುದುಡಿದ್ದು ಇವಳ ಮೈ, ತಪ್ಪು ಮಾತ್ರ ಅವಳದು. ಆದರೆ ಫೋನಿನ ಮಕ್ಕಳನ್ನು ಬೈಯುವ ಮುನ್ನ ನಮ್ಮ ಮನೆಯ ಪದಗಳನ್ನೇ ನೋಡಿ. ಅಸಹ್ಯ ಅಂದರೆ ಸಹಿಸಲಾಗದ್ದು; ಸಹಿಸುವ ಶಕ್ತಿ ಇಲ್ಲದ್ದು ನನಗೆ, ಹೊಲಸೆನಿಸಿಕೊಂಡದ್ದು ಎದುರಿನದು. ಶರಮ್ ಅಂದರೆ ನಾಚಿಕೆ, ನನ್ನೊಳಗಿನದು. ಅದಕ್ಕೊಂದು ಬೇ ಹಚ್ಚಿ, ಬೇಶರಮ್ ಎಂದು ಪಕ್ಕದ ಮನೆಯವಳ ಮೇಲೆ ಎಸೆಯುತ್ತೇವೆ. ನಾಚಿಕೆಯನ್ನು ಯಾರೂ ಬಹಳ ಹೊತ್ತು ತಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ, ಯಾರ ಕೈಗಾದರೂ ಕೊಟ್ಟು ಹಗುರಾಗುತ್ತಾರೆ.

ಇಷ್ಟೆಲ್ಲ ತಿಳಿದ ನಾನು ಏನು ಮಾಡಿದೆ ಅನ್ನುತ್ತೀರಿ? ಒಂದು ಮಧ್ಯಾಹ್ನ ರೊಟ್ಟಿ ಬಡಿದು, ಕೈ ತೊಳೆದುಕೊಂಡು, ಶಾಂತಾಳ ಹೊಸ ವಿಡಿಯೊದ ಕೆಳಗೆ ಅಚ್ಚುಕಟ್ಟಾಗಿ ಕನ್ನಡದಲ್ಲೇ ಆ ಒಂದು ಪದ ಬರೆದೆ: ಕ್ರಿಂಜ್. ಎಷ್ಟು ತಂಪಾಯಿತು ಅಂತೀರಿ!

ಮರುದಿನದಿಂದ ಶಾಂತಾಳ ವಿಡಿಯೊ ನಿಂತಿತು. ಒಂದು ವಾರ ಇಲ್ಲ, ಎರಡು ವಾರ ಇಲ್ಲ. ಮೊದಲು ಹಿಗ್ಗಿದೆ, ಆಮೇಲೆ, ನಿಜ ಹೇಳುತ್ತೇನೆ, ಬೇಸರವಾಯಿತು. ಹೊಟ್ಟೆಕಿಚ್ಚಿಗೂ ದಿನಾ ಒಂದಿಷ್ಟು ಉರುವಲು ಬೇಕು.

ಅಷ್ಟರಲ್ಲಿ ಸೇಡಂನಲ್ಲಿ ನಾದಿನಿಯ ಮಗಳ ಕುಬಸ ಬಂತು. ಇವರು, ಅಂದರೆ ನಮ್ಮ ಯಜಮಾನರು, ಮತ್ತು ನಾನು ವಾಡಿಯಲ್ಲಿ ರೈಲು ಬದಲಿಸಿ ಹೋದೆವು. ಚಿತ್ತಾಪುರ ದಾಟುವವರೆಗೂ ನಾನು ಹೊಸ ಒಡಪು ಕಟ್ಟುತ್ತಲೇ ಇದ್ದೆ. ಶಾಂತಾಳೂ ಬಂದಿದ್ದಳು. ಬಾಗಿಲಲ್ಲಿ ಹೆಂಗಸರು ಅವಳನ್ನು ಮುತ್ತಿಕೊಂಡು ಹೆಸರು ಹೇಳು ಎಂದರೆ, ತಲೆ ಅಲ್ಲಾಡಿಸಿ ಸರಿದು ಅಡುಗೆಮನೆ ಸೇರಿದಳು. ಹಿಂದೆಯೇ ಹೋಗಿ ಯಾಕೆಂದು ಕೇಳಿದೆ. ಹೋಳಿಗೆಯ ಕಣಕ ನಾದುತ್ತ, ತಲೆ ಎತ್ತದೆ ಹೇಳಿದಳು:

"ಭಾವನೋರಿಗಿ ಸೇರಂಗಿಲ್ರಿ ಅಕ್ಕ. ವಿಡಿಯೊದ ಕೆಳಗ ಎಲ್ಲಾರ ಮುಂದ ಬರದಾರ. ಅವರ ಮಾರಿ ಹ್ಯಾಂಗ ನೋಡ್ಲಿ ನಾ?"

ಅವಳ ಭಾವ ಅಂದರೆ ಇವರೇ. ನನ್ನ ಕೈಯಲ್ಲಿರುವ ಫೋನು ಇವರ ಹಳೆಯದು. ಅದರಲ್ಲಿನ ಖಾತೆಯೂ ಇವರದೇ. ಇಷ್ಟು ವರ್ಷ ಒಡಪಿಲ್ಲದೆ ನಾನು ಬಾಯಿಬಿಟ್ಟು ಹೇಳದ ಹೆಸರು, ನಾನು ಬರೆದ ಪದದ ಮೇಲೆ ಮನೆತನದ ಅಡ್ಡಹೆಸರಿನ ಸಮೇತ ಕೂತಿತ್ತು. ನಮ್ಮಲ್ಲಿ ಭಾವನೆದುರು ಸಣ್ಣ ಸೊಸೆ ಸೆರಗು ಹೊದ್ದು ಬದಿಗೆ ಸರಿಯುತ್ತಾಳೆ. ಹೀಗೇಕೆ ಬರೆದಿರಿ ಎಂದು ಅವಳು ಕೇಳುವಂತಿಲ್ಲ. ಆ ಭಾವನೋ, ಏನೂ ಅರಿಯದೆ, ಹೊರಗೆ ಕಟ್ಟೆಯ ಮೇಲೆ ಕೂತು ಚಹಾ ಊದಿ ಕುಡಿಯುತ್ತಿದ್ದರು. ಮಗಳು ಮೊದಲ ದಿನ ಹೇಳಿದ ಕ್ರಿಂಜ್ ಏನೆಂಬುದು ನನ್ನ ಮೈಗೆ ಆಗ ತಿಳಿಯಿತು.

ಅವಳ ಕಿವಿಯಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಅವಳ ಮಾನ ಹೋದದ್ದು ಎಲ್ಲರೆದುರು. ನನ್ನ ಸರದಿ ಬಂದಾಗ, ರೈಲಿನಲ್ಲಿ ಕಟ್ಟಿದ್ದನ್ನು ಬಿಟ್ಟು, ಅಡುಗೆಮನೆಗೂ ಕಟ್ಟೆಗೂ ಕೇಳುವಂತೆ ಹೇಳಿದೆ:

"ಅಂಗಳಕ ಹಾಸೀನಿ ಶಹಾಬಾದ ಫರಸಿ,
ಶಾಂತಾನ ಬೈದಾಕಿ ನಾನ, ಬಸವರಾಜರ ಹೆಸರು ಬಳಸಿ."

ಹೆಂಗಸರು ತಮಾಷೆಯೆಂದು ನಕ್ಕರು. ಇವರು ತಮ್ಮ ಹೆಸರು ಕೇಳಿ ಬಟ್ಟಲು ಕೆಳಗಿಟ್ಟರು. ನಗು ನಿಂತ ಮೇಲೆ ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ, ಹೊಟ್ಟೆಕಿಚ್ಚನ್ನೂ ಸೇರಿಸಿ. ಶಾಂತಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಒಳಗೆ ಹೋಗಿ, ಕೈ ತೊಳೆದು, ಫೋನು ಹಿಡಿದು ಬಂದಳು.

"ಇನ್ನೊಮ್ಮೆ ಹೇಳ್ರಿ ಅಕ್ಕ. ಈ ಸಲ ನಿಮ್ಮ ಹೆಸರ್ಲೇ ಹಾಕ್ತೀನಿ."

ಹಾಕಿದಳು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಅವಳ ಬೇರಾವ ವಿಡಿಯೊವನ್ನೂ ಅಷ್ಟು ಜನ ನೋಡಿರಲಿಲ್ಲ. ಮೆಚ್ಚುಗೆಯ ಸಾಲುಗಳನ್ನು ಒಂದೊಂದಾಗಿ ಓದುತ್ತ ಕೆಳಗಿಳಿದರೆ ಅಲ್ಲೊಂದು ಒಂಟಿ ಪದ ಕೂತಿತ್ತು: ಕ್ರಿಂಜ್. ಬರೆದವರ ಹೆಸರು ಯಾವುದೋ ಗಂಡಸಿನದು. ಮಗಳಿಗೆ ಸಿಟ್ಟು ಬಂತು, ಕಾಕುಗೆ ಹೇಳಿ ಅಳಿಸಿಹಾಕಿಸುತ್ತೇನೆ ಎಂದಳು. ಬೇಡ ಎಂದೆ. ಎಲ್ಲೋ ಒಂದು ಮನೆಯಲ್ಲಿ, ಕೆಲಸ ಮುಗಿಸಿ ಕೈ ತೊಳೆದುಕೊಂಡು, ಗಂಡನ ಹಳೆಯ ಫೋನು ಹಿಡಿದು ಕೂತಿರುವ ಆ ಹೆಂಗಸನ್ನು ನಾನು ಬಲ್ಲೆ. ಪಾಪ, ಅವಳ ಹೊಟ್ಟೆಯೂ ಸ್ವಲ್ಪ ತಂಪಾಗಲಿ.