ಹೊಟ್ಟೆಹುಣ್ಣು ಅಂದಿದ್ದರು

ಅಪ್ಪನಿಗೆ ಹೊಟ್ಟೆಹುಣ್ಣಾಗಿದೆ, ಪಥ್ಯ ಮಾಡಿಸಿದರೆ ಎರಡು ತಿಂಗಳಲ್ಲಿ ಏಳುತ್ತಾನೆ ಎಂದು ಅಣ್ಣ ನನ್ನ ಗಂಡನ ಊರಾದ ಅಂಕಲಿಗೆ ಬಂದು ನನ್ನ ಅತ್ತೆಯ ಮುಂದೆಯೇ ಹೇಳಿದ. ಮಿರಜದ ಆಸ್ಪತ್ರೆಗೆ ಅಪ್ಪನನ್ನು ಕರೆದೊಯ್ದು ತೋರಿಸಿಕೊಂಡು ಬಂದವನು ಅವನೇ. ಅವ್ವ ತೀರಿಹೋಗಿದ್ದಳು, ಅತ್ತಿಗೆ ಹೆರಿಗೆಗೆ ತವರಿಗೆ ಹೋಗಿದ್ದಳು. ಮಗಳನ್ನು ಅತ್ತೆಯ ಬಳಿ ಬಿಟ್ಟು ನಾನು ನನ್ನ ತವರು ಶೇಡಬಾಳಕ್ಕೆ ಬಂದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು.

ಸೈಕಲ್ಲಿಗೆ ಬಟ್ಟೆಯ ಗಂಟು ಕಟ್ಟಿಕೊಂಡು ಮಂಗಸೂಳಿ, ಕಾಗವಾಡದ ಸಂತೆಗಳನ್ನು ಸುತ್ತಿದ ಮನುಷ್ಯ ಅಪ್ಪ. ಈಗ ಎದ್ದು ಕೂರಲು ನನ್ನ ಹೆಗಲು ಬೇಕಿತ್ತು. ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ ನಮ್ಮದು. ಸಂಜೆಯಾಗುತ್ತ ಬಂದಂತೆ ನನಗೆ ಗಡಿಬಿಡಿ, ಅವನಿಗೆ ಹಿಂಸೆ. ಎರಡು ಚಮಚ ಗಂಜಿಗೇ ಮುಖ ಅತ್ತ ತಿರುಗಿಸುತ್ತಿದ್ದ.

“ಸಣ್ಣ ಹುಡುಗರಗತೆ ಹಟಾ ಮಾಡಬ್ಯಾಡ. ಮಗಳನ್ನ ಬಿಟ್ಟ ಬಂದ ಇಲ್ಲಿ ಕುಂತೇನಿ. ನೀ ಉಣ್ಣದಿದ್ರ ನಾ ಊರಿಗಿ ಹೋಗ್ತೇನಿ ನೋಡು,” ಎಂದು ಒಮ್ಮೆ ಬೈದೆ. ಅಪ್ಪ ಬಾಯಿ ತೆರೆದ. ನುಂಗಿದ್ದೆಲ್ಲ ಸ್ವಲ್ಪ ಹೊತ್ತಿಗೆ ಹೊರಗೆ ಬಂತು.

ಮೂರನೆಯ ತಿಂಗಳು ನೋವು ತಾಳಲಾರದೆ ಹೊದ್ದ ಕೌದಿಯ ಅಂಚು ಕಚ್ಚಿಕೊಂಡು ಮಲಗತೊಡಗಿದ. ಮಿರಜಕ್ಕೆ ಹೋಗೋಣವೆಂದರೆ ಅಣ್ಣ, “ಓಡಾಡಿಸಿದ್ರ ಇನ್ನಷ್ಟ ತ್ರಾಸ ಆಗತೈತಿ, ಡಾಕ್ಟರ ಬ್ಯಾಡ ಅಂದಾರ,” ಎನ್ನುತ್ತಿದ್ದ. ಅವನು ಸಾಂಗಲಿಗೆ ಹೋದ ಒಂದು ದಿನ ನಾನೇ ಪಕ್ಕದ ಮನೆಯವರ ಗಾಡಿಯಲ್ಲಿ ಅಪ್ಪನನ್ನು ಸ್ಟೇಷನ್ನಿಗೆ ಸಾಗಿಸಿ ರೈಲು ಹತ್ತಿಸಿದೆ. “ಬ್ಯಾಡವ್ವ, ಹೊಳ್ಳಿ ಹೋಗೋಣು,” ಎಂದು ಅಪ್ಪ ದಾರಿಯುದ್ದಕ್ಕೂ ಹೇಳುತ್ತಿದ್ದ.

ಆಸ್ಪತ್ರೆಯಲ್ಲಿ ಹಳೆಯ ಚೀಟಿ ನೋಡಿದ ನರ್ಸಬಾಯಿ ಅಥಣಿ ಕಡೆಯವಳು. “ಹದಿನೈದ ದಿನಕ್ಕೊಮ್ಮೆ ಬರ್ರಿ, ನೋವಿನ ಔಷಧ ಕೊಡ್ತೇವಿ ಅಂತ ಹೇಳಿದ್ವಿ. ಇಷ್ಟ ದಿನಾ ಯಾಕ ಬರಲಿಲ್ರಿ?”

“ಹೊಟ್ಟಿಹುಣ್ಣಿಗೆ ಪಥ್ಯ ಸಾಕು ಅಂದ್ರಂತಲ್ರಿ?”

ಅವಳು ನನ್ನ ಮುಖ ನೋಡಿದಳು. ಕೈ ಹಿಡಿದು ಬಾಗಿಲಾಚೆ ಕರೆದೊಯ್ದಳು. “ಅಕ್ಕಾರ, ಇದು ಕ್ಯಾನ್ಸರ್. ಬಂದಾಗನ ಹಬ್ಬಿತ್ತು. ನಿಮ್ಮಣ್ಣಾರಿಗೆ ಹೇಳೇವಿ. ನಿಮ್ಮಪ್ಪಾರಿಗೂ ಗೊತ್ತೈತ್ರಿ, ಅವರ ಕೇಳಿದ್ರು, ಡಾಕ್ಟರ ಹೇಳಿದ್ರು.”

ಇನ್ನೂ ಏನೇನೋ ಹೇಳಿಕೊಟ್ಟಳು. ಒತ್ತಾಯ ಮಾಡಿ ಉಣಿಸಬಾರದು, ತುಟಿ ಒಣಗದ ಹಾಗೆ ನೋಡಿಕೊಳ್ಳಬೇಕು, ನೋವು ಏರುವ ಮೊದಲೇ ಔಷಧ ಕೊಡಬೇಕು. ಮಗ್ಗಲು ಬದಲಿಸುವಾಗ ಎಲ್ಲಿ ಹಿಡಿಯಬೇಕೆಂದು ನನ್ನ ಕೈಯನ್ನೇ ಹಿಡಿದು ತೋರಿಸಿದಳು. ಇಷ್ಟು ದಿನ ತಪ್ಪು ಜಾಗದಲ್ಲಿ ಹಿಡಿಯುತ್ತಿದ್ದೆ.

ತಿರುಗಿ ಬರುವ ರೈಲಿನಲ್ಲಿ ಅಪ್ಪ ಅಲ್ಲಿ ಕೊಟ್ಟ ಔಷಧದ ಗುಣಕ್ಕೆ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ. ಹಾಗೆ ಮಲಗಿದ್ದನ್ನು ನೋಡಿ ತಿಂಗಳುಗಳಾಗಿದ್ದವು. ಆದರೂ ನನಗೆ ಸಮಾಧಾನವಾಗಲಿಲ್ಲ, ಅಣ್ಣನ ಮೇಲಿನ ಸಿಟ್ಟು ಇಳಿಯಲಿಲ್ಲ.

ಯಾಕೆ ಮುಚ್ಚಿಟ್ಟೆ ಎಂದು ಸಾಂಗಲಿಯಿಂದ ಬಂದ ಅಣ್ಣನನ್ನು ಕೇಳಿದೆ. “ಗೊತ್ತಾಗಿದ್ರ ನೀ ಅಳಕೋತ ಕುಂಡ್ರತಿದ್ದಿ. ಅಪ್ಪನ ಸೇವಾ ಮಾಡೋರ ಯಾರು?” ಎಂದ ಅಣ್ಣ. ಔಷಧವನ್ನಾದರೂ ನೀನೊಬ್ಬನೇ ಹೋಗಿ ತರಬಹುದಿತ್ತಲ್ಲ ಎಂದೆ. “ಬಾಟಲಿ ನೋಡಿ ನೀ ಕೇಳತಿದ್ದಿ,” ಎಂದ. ನನ್ನಿಂದ ಮುಚ್ಚಿಡಲೆಂದು ಅಪ್ಪ ಅಷ್ಟು ದಿನ ಕೌದಿ ಕಚ್ಚಿಕೊಂಡಿದ್ದ.

ಅಪ್ಪನನ್ನು ಕೇಳಲು ನಾಲ್ಕು ದಿನ ಹಿಡಿಯಿತು. “ನೀನರ ಯಾಕ ಹೇಳಲಿಲ್ಲ?”

“ನಿಮ್ಮವ್ವ ಸಾಯೋ ಮುಂದ ಎಲ್ಲಾರೂ ಮೆತ್ತಗ ಮಾತಾಡತಿದ್ರು,” ಎಂದ ಅಪ್ಪ. “ನೀ ಬೈತಿದ್ದಿ. ಬೈದಾಗ ನಾ ಇನ್ನೂ ಜೀವಂತ ಅದೇನಿ ಅನಸತಿತ್ತು.”

ಅದನ್ನು ಪ್ರೀತಿ ಎಂದು ತಿಳಿಯಲು ಆಗ ನನ್ನಿಂದಾಗಲಿಲ್ಲ. ಬೈದವಳು ನಾನು, ಹೊರಟುಹೋಗುತ್ತೇನೆ ಎಂದವಳೂ ನಾನೇ. ಅವನು ತಿಳಿದೂ ಅನ್ನಿಸಿಕೊಂಡ, ನಾನು ತಿಳಿಯದೆ ಅಂದೆ.

ಅಪ್ಪ ಮತ್ತೆ ಇಪ್ಪತ್ತು ದಿನ ಇದ್ದ. ನೋವು ಹತೋಟಿಯಲ್ಲಿತ್ತು. ಕೇಳಿದಾಗಷ್ಟೇ ಒಂದು ಚಮಚ ಮಜ್ಜಿಗೆ ಹಾಕುತ್ತಿದ್ದೆ. ಕರ್ಮಗಳೆಲ್ಲ ಮುಗಿದು ಅಂಕಲಿಗೆ ಹೊರಟಾಗ ಅಣ್ಣ ನನ್ನ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದ. ಬಸ್ಸು ಬರುವ ತನಕ ಇಬ್ಬರೂ ನಿಂತೇ ಇದ್ದೆವು. ನಾನು ಏನಾದರೂ ಹೇಳುತ್ತೇನೆಂದು ಅವನು ಕಾದಿದ್ದಿರಬೇಕು. ಅವನ ಕೈಯಿಂದ ಚೀಲ ತೆಗೆದುಕೊಂಡು ಬಸ್ಸು ಹತ್ತಿದೆ.