ಫ್ಲೆಕ್ಸಿನ ಬೆನ್ನು

ನಮ್ಮ ಭಾನುವಾರದ ಹಿಪ್‌ಹಾಪ್ ತರಗತಿಗೆ ಸರಿಯಾದ ನೆಲ ಇರಲಿಲ್ಲ. ಪುಟ್ಟೇನಹಳ್ಳಿ ಕೆರೆಯ ಹಿಂದಿನ ಬೀದಿಯಲ್ಲಿ ಸಂಘವೊಂದರ ಹಾಲ್ ಇತ್ತು, ಮಹಡಿಯ ಮೇಲೆ. ಗೋಡೆಗೆ ಬುದ್ಧನ ಪಟ. ಬೆಳಿಗ್ಗೆ ಬೀದಿಯ ಕೆಲವು ಮನೆಯವರು ವಂದನೆ ಮುಗಿಸಿ, ಚಾಪೆಗಳನ್ನು ಸುತ್ತಿಟ್ಟು ಹೋದ ಮೇಲೆ ಹತ್ತು ಗಂಟೆಯಿಂದ ಹಾಲ್ ನಮ್ಮದು. ಸಿಮೆಂಟು ಅಲ್ಲಲ್ಲಿ ಕಿತ್ತು ಬಂದಿತ್ತು. ಬೆನ್ನ ಮೇಲೆ ಬುಗುರಿಯಂತೆ ತಿರುಗುವ, ತಲೆ ಊರಿ ಸುತ್ತುವ ಕುಣಿತ ಅಂಥ ನೆಲದಲ್ಲಿ ಆಗುವುದಿಲ್ಲ, ಚರ್ಮ ಸುಲಿದು ಹೋಗುತ್ತದೆ. ಅದಕ್ಕೆ ಹಬ್ಬವೋ ಲೀಡರುಗಳ ಹುಟ್ಟುಹಬ್ಬವೋ ಮುಗಿದ ಮೇಲೆ ಕಂಬದಿಂದ ಇಳಿಸಿದ ಫ್ಲೆಕ್ಸ್‌ಗಳನ್ನು ಕೇಳಿ ತಂದು ಹಾಸುತ್ತಿದ್ದೆವು. ಫ್ಲೆಕ್ಸಿನ ಬಿಳಿಯ ಬೆನ್ನು ಜಾರುತ್ತದೆ, ಮೈಯನ್ನು ಹಿಡಿಯುವುದಿಲ್ಲ.

ಹಾಸುವುದಕ್ಕೆ ಒಂದು ನಿಯಮವಿತ್ತು. ಮುಖ ಕೆಳಗೆ, ಬೆನ್ನು ಮೇಲೆ. ಅದನ್ನು ಮಾಡಿದವನು ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದ ಹುಡುಗ. ಹತ್ತೊಂಬತ್ತು ವರ್ಷ, ಅದೇ ಬೀದಿಯವನು. ವಾರವೆಲ್ಲ ಹಳೆಯ ಮೊಪೆಡ್‌ನಲ್ಲಿ ಜೆಪಿ ನಗರದ ಅಪಾರ್ಟ್‌ಮೆಂಟುಗಳಿಗೆ ನೀರಿನ ಕ್ಯಾನ್ ಹಾಕುತ್ತಿದ್ದ. ಹೊಸ ಫ್ಲೆಕ್ಸ್ ಬಂದರೆ ತುದಿ ಬಿಚ್ಚಿ ನೋಡುವನು. ಶ್ರದ್ಧಾಂಜಲಿಯದಾಗಿದ್ದರೆ ಮರುಮಾತಿಲ್ಲದೆ ವಾಪಸ್. ಉಳಿದವನ್ನು ಮಗುಚಿ ಹಾಸಿ, ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವನು.

“ಯಾರ್ ಮುಖ ಆದ್ರೂ ಅಷ್ಟೇ ಮಗಾ, ತುಳೀಬಾರ್ದು” ಎನ್ನುತ್ತಿದ್ದ.

“ಈ ಅಂಕಲ್ ನಮ್ ಮೋರಿ ಕ್ಲೀನ್ ಮಾಡ್ಸಿಲ್ಲ, ತುಳುದ್ರೆ ಏನಣ್ಣ?” ಎಂದಿದ್ದ ಒಬ್ಬ ಚೋಟು.

“ಮಾಡ್ಸಿಲ್ಲ ಅಂತ್ಲೇ ಮೋರೆ ನೆಲಕ್ಕೆ ಹಾಕಿರೋದು. ಸಾಕು, ಲೈನಲ್ಲಿ ನಿಂತ್ಕೊ.”

ನಾನು ಅಲ್ಲಿಗೆ ಮೊದಲು ಹೋದದ್ದು ಕಲಿಯಲು. ಊರು ಗದಗದ ಕಡೆ, ಬಿಟಿಎಂನಲ್ಲಿ ಬಾಡಿಗೆ ರೂಮು, ಜಯನಗರದ ಆಫೀಸೊಂದರಲ್ಲಿ ಅಕೌಂಟ್ಸ್ ಕೆಲಸ. ನನ್ನ ಮೊಣಕಾಲು ಹಾಡಿನ ಮಾತು ಕೇಳುವುದಿಲ್ಲ ಎಂದು ಮೂರನೆಯ ವಾರಕ್ಕೆ ಎಲ್ಲರಿಗೂ ಗೊತ್ತಾಯಿತು. ತರಗತಿ ನಡೆಸುತ್ತಿದ್ದ ಮಾಸ್ಟರ್ ಸುಬ್ರಹ್ಮಣ್ಯಪುರದವರು. ವಾರದ ದಿನಗಳಲ್ಲಿ ದೊಡ್ಡ ಶಾಲೆಗಳಲ್ಲಿ ಕಲಿಸಿ, ಭಾನುವಾರ ಇಲ್ಲಿ ಉಚಿತವಾಗಿ ಕಲಿಸುತ್ತಿದ್ದರು. ನಾನು ದಿನಚರಿ ಬರೆಯುವವಳೆಂದು ತಿಳಿದು ಹಾಜರಿಯನ್ನೂ ಸ್ಪೀಕರನ್ನೂ ನನಗೆ ಒಪ್ಪಿಸಿದರು. ಗದಗ ಎಂದು ಎಷ್ಟು ಸಲ ಹೇಳಿದರೂ ಮಕ್ಕಳಿಗೆ ನಾನು ಹುಬ್ಳಿ ಅಕ್ಕನೇ.

ಆ ಬೀದಿಯಲ್ಲಿ ಪಂಕ್ಚರ್ ಅಂಟಿಗೆ ಸೊಲ್ಯೂಷನ್ ಎನ್ನುತ್ತಾರೆ. ನಶೆಗೆಂದು ಅದನ್ನು ಬಟ್ಟೆಗೆ ಸುರಿದು, ಮೂಗಿಗೆ ಒತ್ತಿ ಎಳೆಯುವ ಹುಡುಗರು ಕೆರೆಯ ಬೇಲಿಯ ಪಕ್ಕ ಕೂತಿರುತ್ತಿದ್ದರು, ಕೆಲವರಿಗೆ ಮೀಸೆಯೂ ಬಂದಿರಲಿಲ್ಲ. ಅವರನ್ನು ಅಲ್ಲಿಂದ ಎಬ್ಬಿಸಲು ಮಾಸ್ಟರ್ ತರಗತಿ ಶುರು ಮಾಡಿದ್ದು. ವಾರವಿಡೀ ಶಾಲೆಗೆ ಹೋದವರಿಗೆ ಮಾತ್ರ ಭಾನುವಾರ ವೃತ್ತದ ನಡುವೆ ಕುಣಿಯುವ ಸರದಿ. ಮಿಕ್ಕವರು ಸುತ್ತ ನಿಂತು ಚಪ್ಪಾಳೆ ತಟ್ಟಬೇಕು. ಇದು ಕೆಲಸ ಮಾಡುತ್ತಿತ್ತು. ಜ್ಯೇಷ್ಠ ಮಾಸದ ಹೊತ್ತಿಗೆ ಹಾಜರಿ ಇಪ್ಪತ್ತಾರು ಮುಟ್ಟಿತ್ತು.

ನೀರಿನ ಕ್ಯಾನಿನ ಹುಡುಗನೂ ಒಂದು ಕಾಲದಲ್ಲಿ, ಕತ್ತಲಾದ ಮೇಲೆ ಬೀದಿಯವರ ಕಣ್ಣು ತಪ್ಪಿಸಿ, ಆ ಬೇಲಿಯ ಪಕ್ಕ ಕೂತವನೇ. ಕಾಲೇಜು, ಅಪಾರ್ಟ್‌ಮೆಂಟಿನ ವಾರ್ಷಿಕೋತ್ಸವ, ಆಫೀಸುಗಳ ಕಾರ್ಯಕ್ರಮ, ಎಲ್ಲೇ ನಮ್ಮ ತಂಡವನ್ನು ಕರೆದರೂ ಅವನು ಮೊದಲು ಮೈಕ್ ಹಿಡಿಯುತ್ತಿದ್ದ. “ಏಳನೇ ಕ್ಲಾಸಿಂದ ಎಳೀತಿದ್ದೆ. ಅಮ್ಮನ ಸರ ಮಾರಿದ್ದೆ. ಈಗ ತಲೆ ಸುತ್ತಬೇಕು ಅಂದ್ರೆ ತಲೆ ಮೇಲೇ ನಿಂತು ಸುತ್ತುತೀನಿ.” ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ನಿನ್ನ ಬದುಕನ್ನು ನೀನೇ, ನಿನ್ನ ಬಾಯಲ್ಲೇ ಹೇಳು, ಮುಚ್ಚಿಡಬೇಡ ಎಂಬುದು ಹಿಪ್‌ಹಾಪಿನವರ ಹೆಮ್ಮೆ. ಮಾಸ್ಟರ್ ಮಕ್ಕಳಿಗೆ ಹೆಜ್ಜೆಗಿಂತ ಮೊದಲು ಇದನ್ನೇ ಕಲಿಸುತ್ತಿದ್ದರು. ಒಂದು ಕಡೆ ಮಾತ್ರ ಅವನು ಮೈಕ್ ಮುಟ್ಟಲಿಲ್ಲ. ಸಂಘದ ವಾರ್ಷಿಕೋತ್ಸವದಲ್ಲಿ, ತನ್ನದೇ ಬೀದಿಯಲ್ಲಿ, ನೇರ ಬಂದು ಕುಣಿದು ಇಳಿದುಹೋದ. ನಾಚಿಕೊಂಡಿರಬೇಕೆಂದು ನಾವು ನಕ್ಕೆವು.

ಅವನ ತಂಗಿ ಒಂಬತ್ತನೆಯ ತರಗತಿಯಲ್ಲಿದ್ದಳು. ಅಣ್ಣನಿಗಿಂತ ಚೆನ್ನಾಗಿ ಕುಣಿಯುತ್ತಿದ್ದಳು. ಅವನೇ ಅದನ್ನು ಹೇಳಿಕೊಂಡು ತಿರುಗುತ್ತಿದ್ದ. ಬೆನ್ನ ಮೇಲೆ ಬಿದ್ದು ಮಂಡಿ ಎದೆಗೆ ಎಳೆದುಕೊಂಡರೆ ಅವಳ ಜಡೆ ಫ್ಲೆಕ್ಸಿನ ಮೇಲೆ ಪಟಪಟ ಹೊಡೆಯುವುದು ಕೇಳಿಸುತ್ತಿತ್ತು.

“ಹುಬ್ಳಿ ಅಕ್ಕ, ನಂಗೆ ಇವತ್ತು ಎರಡು ಟಿಕ್ ಹಾಕಿ. ಸಖತ್ತಾಗಿ ಬಂತು.”

“ಹಾಜರಿಗೆ ಒಂದಽ ಟಿಕ್ ಇರ್ತದವಾ.”

“ಹಂಗಾದ್ರೆ ಇವನ್ದು ತೆಗ್ದು ನಂಗೆ ಹಾಕಿ” ಎಂದು ಅಣ್ಣನ ಟೋಪಿ ಎಳೆದಿದ್ದಳು.

ಶ್ರಾವಣದಿಂದ ಚಿಕ್ಕ ಮಕ್ಕಳ ಅರ್ಧ ಗುಂಪನ್ನು ಅವಳಿಗೆ ಬಿಡುವುದೆಂದು ಮಾತಾಗಿತ್ತು.

ಆಷಾಢದ ಒಂದು ಗುರುವಾರ ಬೆಳಿಗ್ಗೆ, ತುಂತುರು ಮಳೆಯಲ್ಲಿ, ಕೆರೆಯ ತಿರುವಿನಲ್ಲಿ ನೀರಿನ ಟ್ಯಾಂಕರ್ ಅವನ ಮೊಪೆಡ್ಡಿಗೆ ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ನಾನು ಮಧ್ಯಾಹ್ನ ಆಫೀಸಿನಿಂದ ಹೋದಾಗ ಕ್ಯಾನ್‌ಗಳನ್ನು ಯಾರೋ ರಸ್ತೆಯ ಬದಿಗೆ ಸಾಲಾಗಿ ಜೋಡಿಸಿಟ್ಟಿದ್ದರು. ಒಂದೂ ಒಡೆದಿರಲಿಲ್ಲ.

ಮರುದಿನ ಬೀದಿಯ ಬಾಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಎದ್ದಿತು. ಬೇರೆ ಯಾರಾದರೂ ಹಾಕಿಸಿದ್ದರೆ ಫೋಟೋ, ಜನನ, ಮರಣ, ಬಂಧುಮಿತ್ರರು ಎಂದಿಷ್ಟೇ ಇರುತ್ತಿತ್ತು. ಹಾಕಿಸಿದವರು ನಾವು. ಟೋಪಿ ಹಾಕಿಕೊಂಡು ನಗುತ್ತಿದ್ದ ಅವನ ಫೋಟೋದ ಕೆಳಗೆ, ಕೆಂಪು ಅಕ್ಷರದಲ್ಲಿ, ಮಾಸ್ಟರ್ ಬರೆಸಿದ ಸಾಲು: ‘ಸೊಲ್ಯೂಷನ್ ಗೆದ್ದವನು, ಸ್ಟೇಜ್ ಗೆದ್ದವನು.’ ನಮಗೆಲ್ಲ ಅದು ಅವನಿಗೆ ಸಲ್ಲಬೇಕಾದ ಗೌರವ ಅನ್ನಿಸಿತ್ತು. ಕಂಬಕ್ಕೆ ಕಟ್ಟಿ, ಕೆಳಗೆ ವೃತ್ತವಾಗಿ ನಿಂತು, ನಡುವೆ ಯಾರೂ ಇಳಿಯದೆ ಒಂದು ಹಾಡಿನಷ್ಟು ಹೊತ್ತು ಬರೀ ಚಪ್ಪಾಳೆ ತಟ್ಟಿದೆವು. ಸತ್ತ ಕುಣಿತಗಾರನಿಗೆ ಹಿಪ್‌ಹಾಪಿನವರು ಹೀಗೆಯೇ ಜಾಗ ಬಿಡುತ್ತಾರೆ.

ಹಾಲಿನ ಮೆಟ್ಟಿಲು ಹತ್ತುವಾಗ ನಲ್ಲಿಯ ಹತ್ತಿರ ಇಬ್ಬರು ಹೆಂಗಸರ ಮಾತು ಕಿವಿಗೆ ಬಿತ್ತು.

“ಓ, ಸೊಲ್ಯೂಷನ್ ಎಳೀತಿದ್ನಾ ಅವ್ನು! ನಂಗೊತ್ತೇ ಇರ್ಲಿಲ್ಲ ಕಣೆ.”

“ಟ್ಯಾಂಕರ್‌ನೋನ್ದು ಏನ್ ತಪ್ಪು ಹಂಗಾದ್ರೆ. ಇವ್ನೇ ಎಳ್ಕೊಂಡು ಗಾಡಿ ಓಡ್ಸಿರ್ತಾನೆ.”

“ಗೆದ್ದವನು ಅಂತ ಹಾಕವ್ರಲ್ಲ.”

“ಬರ್ದೋರಿಗೇನು. ಆ ಚಟ ಬಿಡುತ್ತಾ?”

ಮುಂದಿನ ಭಾನುವಾರ ಹನ್ನೆರಡು ಮಕ್ಕಳು ಬಂದರು. ದುಃಖ ಎಂದುಕೊಂಡೆವು. ಅದರ ಮುಂದಿನ ವಾರ ಒಂಬತ್ತು. ಮನೆಯವರು ಮಕ್ಕಳನ್ನು ಕಳಿಸದ ಕಾರಣವನ್ನು ಒಬ್ಬ ಅಜ್ಜಿ ಮಾಸ್ಟರ್ ಮುಖಕ್ಕೇ ಹೇಳಿದಳು: “ನಿಮ್ ಕ್ಲಾಸು ಸೊಲ್ಯೂಷನ್ ಹುಡುಗ್ರುದಂತೆ. ನಮ್ ಮೊಮ್ಮಗ ಅಂಥೋನಲ್ಲ.” ತಂಗಿ ಎರಡು ವಾರವೂ ಬರಲಿಲ್ಲ. ಕಂಬದ ಮೇಲಿದ್ದ ಫ್ಲೆಕ್ಸೂ ಇರಲಿಲ್ಲ, ಅದರ ಹಗ್ಗದ ತುಂಡು ಮಾತ್ರ ನೇತಾಡುತ್ತಿತ್ತು.

ಮೂರನೆಯ ಭಾನುವಾರ ತರಗತಿ ಮುಗಿಸಿ ನಾನೂ ಮಾಸ್ಟರೂ ಅವಳ ಮನೆಗೆ ಹೋದೆವು. ಒಂದೇ ಕೋಣೆ, ಮೇಲೆ ಶೀಟು. ತಾಯಿ ಅಪಾರ್ಟ್‌ಮೆಂಟಿನ ಮೂರು ಮನೆಗಳಲ್ಲಿ ಅಡುಗೆ ಮಾಡುವವರು. ಗಂಡ ಬಿಟ್ಟುಹೋಗಿ ಬಹಳ ವರ್ಷವಾಗಿತ್ತು. ನಮ್ಮನ್ನು ನೋಡಿ ಬಾಗಿಲಿನಿಂದ ಸರಿದರು, ಬನ್ನಿ ಎನ್ನಲಿಲ್ಲ. ಒಳಗೆ ಗೋಡೆಯ ಮೇಲೆ ಫ್ಲೆಕ್ಸಿನಿಂದ ಕತ್ತರಿಸಿದ ಅವನ ಫೋಟೋ, ಎದೆಯವರೆಗಿನದು. ಅಂಚು ಸೊಟ್ಟಗಿತ್ತು, ಚಾಕುವಿನಲ್ಲಿ ಕೊಯ್ದದ್ದು. ತಂಗಿ ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಮಾಸ್ಟರ್ ಮಾತು ತೆಗೆದರು. “ಅಮ್ಮ, ಅವನು ನಮ್ಮ ಹೆಮ್ಮೆ. ಅದಕ್ಕೇ ಹಂಗೆ ಹಾಕ್ಸಿದ್ವಿ.”

“ಸಾರ್, ಅವನು ಎಲ್ಲೆಲ್ಲಿ ಏನೇನ್ ಹೇಳ್ತಿದ್ದ, ನಂಗೆ ಗೊತ್ತಿತ್ತು. ನನ್ನ ಕೇಳೇ ಹೋಗ್ತಿದ್ದ. ‘ಹೊರಗಡೆ ಹೇಳ್ತೀನಿ ಕಣಮ್ಮ, ಕೇಳಿ ನಾಲ್ಕು ಹುಡುಗ್ರು ಬಿಡ್ತಾರೆ. ನಮ್ ಬೀದೀಲಿ ಹೇಳಲ್ಲ, ತಂಗಿ ಇದಾಳೆ’ ಅಂತ ಮಾತು ಕೊಟ್ಟಿದ್ದ. ಅವನು ಇರೋ ತನಕ ಆ ಮಾತು ಉಳೀತು. ಹೋದ ಮಾರನೇ ದಿನ ನೀವು ಕಂಬಕ್ಕೆ ಕಟ್ಟಿದ್ರಿ.”

ತಾಯಿ ಗೋಡೆಯ ಫೋಟೋದ ಸೊಟ್ಟ ಅಂಚನ್ನು ಒತ್ತಿ ಸರಿ ಮಾಡಿದರು.

“ಆ ಕಂಬದ ಫೋಟೋ ಯಾರೋ ಮೊಬೈಲಲ್ಲಿ ತೆಗ್ದು ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕವ್ರೆ. ಹತ್ತು ವರ್ಷದಿಂದ ಅಡುಗೆ ಮಾಡ್ತಿದ್ದ ಮನೆ ಸಾರ್, ‘ಮನೇಲಿ ಚಿಕ್ಕ ಮಕ್ಕಳಿದಾರೆ, ಬೇಜಾರ್ ಮಾಡ್ಕೋಬೇಡಿ’ ಅಂದ್ರು. ಬಿಡ್ಸಿದ್ರು. ಇವಳಿಗೆ ಸ್ಕೂಲಲ್ಲಿ ಸೊಲ್ಯೂಷನ್ ತಂಗಿ ಅಂತ ಹೆಸ್ರು.”

ಸೊಪ್ಪು ಬಿಡಿಸುವ ಕೈ ನಿಂತಿತು, ಮತ್ತೆ ಶುರುವಾಯಿತು.

ನನಗೆ ಆಗ ಬೇಕಾಗಿದ್ದದ್ದು ಒಂದೇ, ಅವಳು ತರಗತಿಗೆ ಬರಬೇಕು. ಅಣ್ಣ ಹೋಗಿದ್ದ, ಶಾಲೆ ಹೀಗಾಗಿತ್ತು. ತಲೆ ಎತ್ತಿ ನಿಲ್ಲಲು ಆ ವೃತ್ತವನ್ನು ಬಿಟ್ಟರೆ ಅವಳಿಗೆ ಬೇರೆ ಜಾಗವಿಲ್ಲ ಎಂದು ನಾನು ನಂಬಿದ್ದೆ. “ಭಾನುವಾರ ಒಂದು ತಾಸು ಕಳಸ್ರಿ ಅಮ್ಮಾರ” ಎಂದೆ. “ನಾನಽ ಕರ್ಕೊಂಡು ಹೋಗಿ, ಕರ್ಕೊಂಡು ಬಂದು ಬಿಡ್ತೀನಿ.”

“ನೀನು ಒಳ್ಳೇ ಹುಡುಗಿ ಕಣಮ್ಮ. ಅಲ್ಲಿ ಯಾರೂ ಕೆಟ್ಟೋರಿಲ್ಲ, ನಂಗೊತ್ತು. ನನ್ ಮಗನ್ನ ಬೇಲಿಯಿಂದ ಎಬ್ಸಿದ್ದೂ ನೀವೇ, ಅದನ್ನ ಮರ್ಯಲ್ಲ. ಆದ್ರೆ ಇವಳು ಅಲ್ಲಿಗೆ ಬಂದ್ರೆ ನಾಳೆ ಇವಳ ಕಥೆನೂ ಹೇಳ್ತೀರ. ಇಂಥೋನ ತಂಗಿ ನೋಡಿ, ಹೆಂಗೆ ಕುಣೀತಾಳೆ ಅಂತೀರ. ಹೇಳಲ್ಲ ಅಂತ ಹೇಳಿ ನೋಡೋಣ.”

ಮಾಸ್ಟರ್ ಬಾಯಿ ತೆರೆದರು. ಹೇಳಲಿಲ್ಲ. ಆ ವಾರವೇ ಅಣ್ಣನ ನೆನಪಿನಲ್ಲಿ ತಂಗಿ ಕುಣಿಯುವ ಕಾರ್ಯಕ್ರಮವೊಂದಕ್ಕೆ ಅವರು ಮಾತು ಕೊಟ್ಟಿದ್ದರು. ಅದು ನನಗೆ ಗೊತ್ತಿತ್ತು. ಅವರ ಮುಖ ನೋಡಿ ತಾಯಿಗೂ ಗೊತ್ತಾಗಿರಬೇಕು.

ತಾಯಿ ಮಂಚದ ಕೆಳಗಿಂದ ಸುರುಳಿಯೊಂದನ್ನು ಎಳೆದು ಅವರ ಕೈಗೆ ಕೊಟ್ಟರು. ಕತ್ತರಿಸಿ ಉಳಿದ ಕೆಳಭಾಗ, ಕೆಂಪಕ್ಷರದ ಉದ್ದನೆಯ ಪಟ್ಟಿ. “ಮುಖ ನಂದು. ಈ ಅಕ್ಷರ ನಿಮ್ದು, ತಗೊಂಡೋಗಿ.”

ದಾರಿಯಲ್ಲಿ ಮಾಸ್ಟರ್ ಒಂದೇ ಮಾತಾಡಿದ್ದು. “ಅವನು ಬೀದೀಲಿ ಮೈಕ್ ಹಿಡೀಲಿಲ್ಲ ಅಲ್ವಾ? ನಾನು ಯಾಕೆ ಅಂತ ಕೇಳ್ಬೇಕಿತ್ತು.” ಕಾರ್ಯಕ್ರಮವನ್ನು ಅಂದೇ ಸಂಜೆ ಬೇಡವೆಂದು ಹೇಳಿದರು. ಅದರಿಂದ ತಾಯಿಗೇನೂ ಆಗಲಿಲ್ಲ, ಅವರಿಗೆ ಅದು ಗೊತ್ತೂ ಆಗಲಿಲ್ಲ. ಪಟ್ಟಿಯನ್ನು ಹಾಲಿನ ಅಟ್ಟದ ಮೇಲೆ, ಚಾಪೆಗಳ ಹಿಂದೆ ಇಟ್ಟೆ. ಅದನ್ನು ಹಾಸುವಂತಿರಲಿಲ್ಲ, ಎಸೆಯುವಂತೆಯೂ ಇರಲಿಲ್ಲ. ಹಾಜರಿಯಲ್ಲಿ ತಂಗಿಯ ಹೆಸರನ್ನು ಮಾತ್ರ ಹೊಡೆದುಹಾಕಲಿಲ್ಲ. ಪ್ರತಿ ವಾರ ಅದರ ಮುಂದಿನ ಚೌಕ ಖಾಲಿ ಬಿಟ್ಟೆ.

ತರಗತಿ ಕುಂಟುತ್ತ ನಡೆಯಿತು. ಒಂಬತ್ತು ಏಳಾಯಿತು. ಬಿಟ್ಟುಹೋದ ಹುಡುಗರಲ್ಲಿ ಇಬ್ಬರನ್ನು ಬೇಲಿಯ ಪಕ್ಕ ನೋಡಿದೆ. ಅವರಲ್ಲೊಬ್ಬ ಮೋರಿಯ ಪ್ರಶ್ನೆ ಕೇಳಿದ್ದ ಚೋಟು. ನನ್ನನ್ನು ಕಂಡು ಬಟ್ಟೆಯನ್ನು ಬೆನ್ನ ಹಿಂದೆ ಮಾಡಿ “ಹುಬ್ಳಿ ಅಕ್ಕ, ಊಟ ಆಯ್ತಾ?” ಎಂದ. ಕಣ್ಣು ನನ್ನ ಮೇಲೆ ನಿಲ್ಲಲಿಲ್ಲ.

ದೀಪಾವಳಿಗೆ ಎರಡು ವಾರ ಮೊದಲು ಮಳೆ ಹಿಡಿಯಿತು. ಆ ಭಾನುವಾರ ಹಾಡು ಹಚ್ಚಿದ್ದಾಗ ಬಾಗಿಲಲ್ಲಿ ಅವಳು ನಿಂತಿದ್ದಳು. ಕೈಯಲ್ಲಿ ತರಕಾರಿ ಚೀಲ, ಚೂಡಿದಾರಕ್ಕೆ ಒಗ್ಗರಣೆಯ ವಾಸನೆ. ಭಾನುವಾರ ಅಮ್ಮನ ಜೊತೆ ಅವಳೂ ಅಪಾರ್ಟ್‌ಮೆಂಟಿನ ಮನೆಗಳಿಗೆ ಅಡುಗೆಗೆ ಹೋಗುತ್ತಿದ್ದಳು. ಮಕ್ಕಳು “ಅಕ್ಕ! ಅಕ್ಕ!” ಎಂದು ಕೂಗಿ ವೃತ್ತ ಬಿಡಿಸಿ ದಾರಿ ಮಾಡಿದರು. ನಾನು ಪೆನ್ನು ಕೈಗೆತ್ತಿಕೊಂಡಿದ್ದೆ.

ಅವಳು ಚಪ್ಪಲಿ ಬಿಡಲಿಲ್ಲ. “ಹುಬ್ಳಿ ಅಕ್ಕ, ಆ ಪಟ್ಟಿ ಇದ್ಯಾ? ಅಮ್ಮ ಇಸ್ಕೊಂಡು ಬಾ ಅಂದ್ರು. ಶೀಟು ಸೀಳಿದೆ, ಅಣ್ಣನ ಫೋಟೋ ಮೇಲೆ ಸೋರ್ತಾ ಇದೆ.”

ಅಟ್ಟದಿಂದ ತೆಗೆದುಕೊಟ್ಟೆ. ಮಾಸ್ಟರ್ ಹಾಡು ನಿಲ್ಲಿಸಿದರು. “ಒಂದ್ ರೌಂಡು, ಪುಟ್ಟ. ಯಾರೂ ಏನೂ ಹೇಳಲ್ಲ.”

“ಬೇಡ ಸಾರ್. ಅಮ್ಮ ಕೆಳಗೆ ಕಾಯ್ತಾವ್ರೆ.” ಕಣ್ಣು ಮಾತ್ರ ನೆಲದ ಬಿಳಿ ಫ್ಲೆಕ್ಸಿನ ಮೇಲಿತ್ತು. ಒಂದು ಮೂಲೆ ಮಡಚಿತ್ತು. ಬಗ್ಗಿ ಅದನ್ನು ಸರಿ ಮಾಡಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡು ಮೆಟ್ಟಿಲಿಳಿದಳು. ಕಿಟಕಿಯಿಂದ ನೋಡಿದೆ. ತಾಯಿ ಕೊಡೆ ಹಿಡಿದು ನಿಂತಿದ್ದರು, ಮೇಲೆ ನೋಡಲಿಲ್ಲ.

ಮುಂದಿನ ವಾರ ಹಾಲಿಗೆ ಹೋಗುವಾಗ ಅವರ ಮನೆಯ ಮುಂದೆ ಹಾದೆ. ಶೀಟಿನ ಸೀಳಿನ ಮೇಲೆ ಪಟ್ಟಿ ಹಾಸಿತ್ತು. ಅಕ್ಷರ ಕೆಳಗೆ, ಬೆನ್ನು ಮೇಲೆ. ಗಾಳಿಗೆ ಹಾರದಂತೆ ಅದರ ಮೇಲೆ ಮೊಪೆಡ್ಡಿನ ಹಳೆಯ ಟೈರೊಂದನ್ನು ಇಟ್ಟಿದ್ದರು. ಹಾಲಿಗೆ ಬಂದು ಹಾಜರಿ ಪುಸ್ತಕ ತೆಗೆದೆ. ಆರು ಮಕ್ಕಳು ಬಂದಿದ್ದರು. ಅವಳ ಹೆಸರಿನ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದೆ.