ಗದ್ದದಿಂದ ಬಾಗಿಲು ತೆಗೆಯುತ್ತಿದ್ದವರು

ಕೈಕಾಲು ಆಡದ ನಾಲ್ವರು, ತಮ್ಮ ಸಹಾಯಕರೊಂದಿಗೆ ಒಟ್ಟಿಗೆ ಬಾಳಲೆಂದೇ ಜಯಲಕ್ಷ್ಮಿಪುರಂನ ನಮ್ಮ ಬೀದಿಯಲ್ಲಿ ಒಂದು ಮನೆ ಕಟ್ಟಿದ್ದರು. ಅವರಲ್ಲೊಬ್ಬರು ಗಾಲಿಕುರ್ಚಿಯ ಗುಂಡಿಯನ್ನು ಗದ್ದದಿಂದ ಒತ್ತಿ ಬಾಗಿಲು ತೆಗೆಯುತ್ತಿದ್ದರು. ಸಹಾಯಕಿ ಎದ್ದರೆ, "ಕೂತ್ಕೊಳಮ್ಮ, ನಮ್ಮನೆಗೆ ಬಂದೋರು, ನಾನೇ ತೆಗೀತೀನಿ" ಎನ್ನುತ್ತಿದ್ದರು.

ಆ ಮನೆ ಕಟ್ಟುವುದೇ ಬೇಡವೆಂದು ಮೊದಲೇ ಬೀದಿಯವರ ಸಹಿ ಹಾಕಿಸಿ ಪಾಲಿಕೆಗೆ ಅರ್ಜಿ ಕೊಟ್ಟವನು ನಾನು. ಮನೆಯಾದ ಮೇಲೆ ಏನೂ ಅರಿಯದವನಂತೆ ಹೋಗಿ ಎರಡು ವರ್ಷ ಅವರ ಕಾಫಿ ಕುಡಿದೆ. ಒಂದು ಸಂಜೆ ತಡೆಯಲಾಗದೆ, ಬಾಗಿಲು ತೆಗೆಯುತ್ತಿದ್ದ ಅವರಿಗೆ ಅರ್ಜಿಯ ವಿಷಯ ಹೇಳಿಬಿಟ್ಟೆ.

"ಗೊತ್ತು ಕಣ್ರೀ, ಅರ್ಜಿ ನಮಗೂ ತೋರಿಸಿದ್ರು. ಮೊದಲ ಸಹಿನೇ ನಿಮ್ದು" ಎಂದು ನಕ್ಕರು.

"ಮತ್ತೆ ಯಾಕೆ ಒಳಗೆ ಬಿಟ್ಕೊಂಡ್ರಿ?"

"ಸಹಿ ಹಾಕಿದೋರಲ್ಲಿ ಮನೆ ನೋಡಕ್ಕೆ ಬಂದಿದ್ದು ನೀವೊಬ್ರೇ. ಮಿಕ್ಕೋರ್ನೂ ಕರ್ಕೊಂಡ್ ಬನ್ನಿ."

ಬದುಕಿಕೊಂಡೆ ಅನ್ನಿಸಿತು. ಭಾನುವಾರವೇ, ಸಹಿ ಹಾಕಿದ್ದ ಪಕ್ಕದ ಮನೆಯವರನ್ನು ಕರೆದುಕೊಂಡು ಹೋದೆ.